2 ಮಿ.ಮೀ. ಬಿಟ್, ಅಳತೆಯ ಆಳ: ಗಿಟಾರ್‌ನಲ್ಲಿ ತೂತು ಎಲ್ಲಿ ನಿಲ್ಲಬೇಕು?

ನಮಸ್ಕಾರ. ಈಗ ಬೆಂಚ್ ಮೇಲೆ ಕಾಣ್ತಿರೋದು ಗಿಟಾರ್‌ನ ಹೆಡ್‌ಸ್ಟಾಕ್, ಅಂದರೆ ನೆಕ್ ತುದಿಯ ತಲೆಭಾಗ. ಹಿಂಬದಿ ಮೇಲಕ್ಕಿದೆ, ತಂತಿ ಬಿಗಿಯೋ ಟ್ಯೂನರ್‌ಗಳು ಜಾಗದಲ್ಲಿ ಕೂತಿವೆ, ಸ್ಕ್ರೂ ತೂತುಗಳು ಮಾತ್ರ ಬಾಕಿ. ಮರದ ದಪ್ಪ 14 ಮಿಲಿಮೀಟರ್. ಸ್ಕ್ರೂ ಉದ್ದ 10. ಅದರಲ್ಲಿ ಟ್ಯೂನರ್‌ನ ತಗಡೇ 1 ಮಿಲಿಮೀಟರ್ ತಗೊಳ್ಳುತ್ತೆ, ಹಾಗಾಗಿ ಮರದೊಳಗೆ ಹೋಗೋದು 9. ತೂತು ಅದಕ್ಕಿಂತ ಚೂರು ಜಾಸ್ತಿ ಬೇಕು, 10 ಅಂತಿಟ್ಟುಕೊಳ್ಳಿ. ಆಗ ಮುಂಭಾಗದ ಕಡೆ 4 ಮಿಲಿಮೀಟರ್ ಮರ ಉಳಿಯುತ್ತೆ. ಕೊರೆಯೋ ಡ್ರಿಲ್ ಬಿಟ್ ಒಂದೂವರೆ ಮಿಲಿಮೀಟರಿನದು.

ದಪ್ಪ ಬಿಟ್‌ನಲ್ಲಿ ಕೊರೆಯುವಾಗ ಮರ ಎದುರು ಒತ್ತುತ್ತೆ, ಎಷ್ಟು ಇಳಿದಿದೆ ಅಂತ ಕೈಗೆ ಒಂದು ಅಂದಾಜು ಸಿಗುತ್ತೆ. ಒಂದೂವರೆ, ಎರಡು ಮಿಲಿಮೀಟರ್ ಬಿಟ್‌ನಲ್ಲಿ ಆ ಸುಳಿವೇ ಇಲ್ಲ. ಮಹಾಗನಿಯಂಥ ಮೆತ್ತನೆ ಮರದಲ್ಲಿ ಅರೆ ಸೆಕೆಂಡ್ ಜಾಸ್ತಿ ಒತ್ತಿದರೂ ಮೂರ್ನಾಲ್ಕು ಮಿಲಿಮೀಟರ್ ಕೆಳಗೆ ಹೋಗಿಬಿಡುತ್ತೆ. ಜಾಸ್ತಿ ಹೋದರೆ ಹೆಡ್‌ಸ್ಟಾಕ್ ಮುಂಭಾಗದಲ್ಲಿ ತೂತು, ಅದೂ ಪಾಲಿಶ್ ಆದ ಮೇಲೆ. ಕಮ್ಮಿ ಆದರೆ ಸ್ಕ್ರೂ ಮೊನೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತೆ, ನೀವು ತಿರುಗಿಸ್ತಾನೇ ಇರ್ತೀರಿ, ತಲೆ ಮುರಿದು ಕೈಗೆ ಬರುತ್ತೆ. ಎರಡನೇದು ಜನ ಅಂದುಕೊಳ್ಳೋದಕ್ಕಿಂತ ಹೆಚ್ಚು ಆಗುತ್ತೆ. ಆಚೆ ತೂತಾಗುತ್ತೆ ಅನ್ನೋ ಭಯಕ್ಕೆ ಎಲ್ಲರೂ ಕಮ್ಮಿ ಕೊರೀತಾರೆ.

ಆಳ ಅಂದಾಗ ಯಾವ ಆಳ ಅನ್ನೋದು ಮೊದಲು ಸ್ಪಷ್ಟ ಇರಬೇಕು. ಕ್ಯಾಮೆರಾ ಹತ್ತಿರ ತಂದಿದ್ದೀನಿ, ಬಿಟ್‌ನ ಮೊನೆ ನೋಡಿ. ಸಾಮಾನ್ಯ ಟ್ವಿಸ್ಟ್ ಬಿಟ್‌ನ ಮೊನೆ 118 ಡಿಗ್ರಿ ಕೋನದಲ್ಲಿರುತ್ತೆ. ಆ ಚೂಪಾದ ಭಾಗದ ಎತ್ತರ ಬಿಟ್ ವ್ಯಾಸದ ಸುಮಾರು 0.3 ಪಾಲು. 2 ಮಿಲಿಮೀಟರ್ ಬಿಟ್‌ಗೆ 0.6, ಒಂದೂವರೆಗೆ 0.45. 135 ಡಿಗ್ರಿ ಮೊನೆ ಆದರೆ 0.2 ಪಾಲು. ಅಂದರೆ ಮೊನೆಯಿಂದ 10 ಅಂತ ಅಳೆದರೆ ಪೂರ್ತಿ ಅಗಲದ ತೂತು ಸಿಗೋದು ಒಂಬತ್ತೂವರೆವರೆಗೆ ಮಾತ್ರ. ಆಚೆ ತೂತಾಗುತ್ತಾ ಅನ್ನೋ ಲೆಕ್ಕಕ್ಕೆ ಮೊನೆಯಿಂದ ಅಳೀರಿ. ಸ್ಕ್ರೂ ಪೂರ್ತಿ ಕೂರುತ್ತಾ ಅನ್ನೋ ಲೆಕ್ಕಕ್ಕೆ ಅಗಲ ಶುರುವಾಗೋ ಜಾಗದಿಂದ ಅಳೀರಿ. ಮರದೊಳಗೆ 9 ಮಿಲಿಮೀಟರ್ ಹೋಗೋ ನಮ್ಮ ಸ್ಕ್ರೂಗೆ ಎರಡೂ ಸರಿಹೋಗ್ತವೆ.

ಈಗ ಬಿಟ್ಟನ್ನ ಆ ಆಳದಲ್ಲಿ ನಿಲ್ಲಿಸೋ ತಡೆಯ ವಿಷಯ. ಬಿಟ್‌ಗೆ ಮಾಸ್ಕಿಂಗ್ ಟೇಪ್ ಸುತ್ತೋದು ಎಲ್ಲರಿಗೂ ಗೊತ್ತಿರೋ ಉಪಾಯ. ಒಂದು ಬಾಲ ಬಿಟ್ಟು ಸುತ್ತಿದರೆ, ಬಾಲ ಮರದ ಪುಡಿ ಗುಡಿಸೋಕೆ ಶುರು ಮಾಡಿದ ಕ್ಷಣ ನಿಲ್ಲಿಸಬೇಕು. ಒಳಗೆ ಮುಚ್ಚಿಹೋಗೋ ಜಾಗಕ್ಕೆ, ಕೆಳಗೆ ಬೇಕಾದಷ್ಟು ಮರ ಇರೋ ಕಡೆಗೆ ಇದು ಸಾಕು. ಆದರೆ ಟೇಪ್ ಗುರುತು ಮಾತ್ರ, ತಡೆ ಅಲ್ಲ. ಮರಕ್ಕೆ ತಾಗಿದರೆ ಮೇಲಕ್ಕೆ ಜಾರುತ್ತೆ, ಬಿಟ್ ಬಿಸಿಯಾದರೆ ಅಂಟು ಸಡಿಲ ಆಗುತ್ತೆ, ಮೂರನೇ ತೂತಿನ ಹೊತ್ತಿಗೆ ಒಂದು ಮಿಲಿಮೀಟರ್ ಸರಿದಿರುತ್ತೆ. ಪಾಲಿಶ್ ಆದ ಗಿಟಾರ್ ಮೇಲೆ ಟೇಪ್ ನಂಬಿ ಕೊರೆಯೋದು ಬೇಡ.

ಸ್ಕ್ರೂ ಬಿಗಿಯೋ ಲೋಹದ ಬಳೆಗಳು ಸಿಗ್ತವೆ, ಸ್ಟಾಪ್ ಕಾಲರ್ ಅಂತ. 3 ಮಿಲಿಮೀಟರ್ ಮತ್ತು ಮೇಲಿನ ಬಿಟ್‌ಗೆ ಪರವಾಗಿಲ್ಲ. ಅದಕ್ಕಿಂತ ಸಣ್ಣದಕ್ಕೆ ಸರಿಯಾದ ಅಳತೆಯ ಬಳೆ ಸಿಗೋದೇ ಕಷ್ಟ. ಸಿಕ್ಕರೂ ಅದರ ಪುಟ್ಟ ಸ್ಕ್ರೂ ಬಿಟ್‌ನ ಒಂದು ಪಕ್ಕಕ್ಕೆ ಒತ್ತುತ್ತೆ, ಬಿಟ್ ಅಲ್ಲೇ ಮುರಿಯುತ್ತೆ. ಜೊತೆಗೆ ತಿರುಗೋ ಲೋಹ ಪಾಲಿಶ್‌ಗೆ ತಾಗಿದರೆ ದುಂಡನೆ ಗೀರು ಖಂಡಿತ.

ಬಿಟ್ಟನ್ನ ಚಕ್ (ಡ್ರಿಲ್‌ನಲ್ಲಿ ಬಿಟ್ ಹಿಡಿಯೋ ಬಾಯಿ) ಒಳಗೆ ತಳ್ಳಿ, ಹೊರಗೆ 10 ಮಿಲಿಮೀಟರ್ ಮಾತ್ರ ಬಿಡೋದನ್ನೂ ನೋಡಿರ್ತೀರಿ. ಒಂದೂವರೆ ಮಿಲಿಮೀಟರಿನ ಸಾಮಾನ್ಯ ಬಿಟ್ ಒಟ್ಟು 40 ಮಿಲಿಮೀಟರ್ ಉದ್ದ, ಅದರಲ್ಲಿ ಸುರುಳಿ ಕಚ್ಚು 18. ಹೊರಗೆ 10 ಬಿಟ್ಟರೆ ಚಕ್‌ನ ಹಲ್ಲುಗಳು ಸುರುಳಿಯನ್ನ ಕಚ್ಚಿ ಹಿಡೀತವೆ. ಹಿಡಿತ ನೇರ ಬರಲ್ಲ, ಮೊನೆ ಓಲಾಡುತ್ತೆ, ತೂತು ದೊಡ್ಡದಾಗುತ್ತೆ.

ಇದಕ್ಕೆಲ್ಲ ಉತ್ತರ ಒಂದು ಮರದ ಕೊಳವೆ. ಬಿಟ್ ಮೇಲೆ ಏರಿಸೋ ಸಣ್ಣ ತುಂಡು, ಅಷ್ಟೇ. ಚಕ್‌ಗೂ ಮರಕ್ಕೂ ನಡುವೆ ಅದು ಸಿಕ್ಕಿಕೊಂಡ ಮೇಲೆ ಬಿಟ್ ಒಂದು ಕೂದಲೆಳೆಯಷ್ಟೂ ಕೆಳಗಿಳಿಯಲ್ಲ. ಲೆಕ್ಕ ಸುಲಭ: ಚಕ್‌ನಿಂದ ಬಿಟ್ ಮೊನೆವರೆಗಿನ ಉದ್ದದಲ್ಲಿ ಬೇಕಾದ ಆಳ ಕಳೆದರೆ ಕೊಳವೆಯ ಉದ್ದ. 40ರ ಬಿಟ್ಟನ್ನ 12 ಮಿಲಿಮೀಟರ್ ಒಳಗೆ ಹಿಡಿದರೆ ಹೊರಗೆ 28, ಆಳ 10, ಕೊಳವೆ 18.

8 ಅಥವಾ 10 ಮಿಲಿಮೀಟರ್ ದಪ್ಪದ ಗಟ್ಟಿ ಮರದ ದುಂಡು ಕಡ್ಡಿ ತಗೊಳ್ಳಿ. ನಡುವೆ ನೇರ ತೂತು ಬೇಕು ಅಂದರೆ ಕಡ್ಡಿಯನ್ನೇ ಡ್ರಿಲ್ ಪ್ರೆಸ್‌ನ (ಕಂಬಕ್ಕೆ ಕೂರಿಸಿದ ಡ್ರಿಲ್ ಯಂತ್ರ) ಚಕ್‌ಗೆ ಹಾಕಿ, ಬಿಟ್ಟನ್ನ ಕೆಳಗೆ ವೈಸ್‌ನಲ್ಲಿ ನಿಲ್ಲಿಸಿ. ತಿರುಗೋದು ಕಡ್ಡಿ ಆದ್ದರಿಂದ ಬಿಟ್ ತಾನೇ ನಡುವನ್ನ ಹುಡುಕಿಕೊಳ್ಳುತ್ತೆ. ಉದ್ದವನ್ನ ಚೂರು ಜಾಸ್ತಿ ಕತ್ತರಿಸಿ, ಆಮೇಲೆ ಸಮತಟ್ಟಾದ ಸ್ಯಾಂಡ್‌ಪೇಪರ್ ಮೇಲೆ ಉಜ್ಜುತ್ತ ಅಳತೆಗೆ ತನ್ನಿ. ತುದಿ ಓರೆ ಆದರೆ ಒಂದು ಕಡೆ ಮಾತ್ರ ತಾಗಿ ಪಾಲಿಶ್ ಮೇಲೆ ಅಚ್ಚು ಬೀಳುತ್ತೆ.

ಇಲ್ಲಿ ಎರಡು ಸೂಕ್ಷ್ಮ ಇವೆ, ಎರಡೂ ಫಲಿತಾಂಶ ಬದಲಿಸ್ತವೆ. ಒಂದು, ಗಿಟಾರ್‌ಗೆ ತಾಗೋ ತುದಿಯ ತೂತನ್ನ ಕೌಂಟರ್‌ಸಿಂಕ್‌ನಿಂದ (ತೂತಿನ ಬಾಯಿಯನ್ನ ಓರೆಯಾಗಿ ಅಗಲಿಸೋ ಬಿಟ್) ಅಗಲ ಮಾಡಿ, ಪಕ್ಕಕ್ಕೆ ಒಂದು ಕಚ್ಚು ಕೊಡಿ. ಇಲ್ಲದಿದ್ದರೆ ಮೇಲೆ ಬಂದ ಪುಡಿ ಕೊಳವೆಗೂ ಮರಕ್ಕೂ ಮಧ್ಯೆ ಸೇರಿ ಅರ್ಧ ಮಿಲಿಮೀಟರ್ ಆಳ ತಿಂದುಬಿಡುತ್ತೆ. ಎರಡು, ಕೊಳವೆ ಬಿಟ್ ಮೇಲೆ ಸ್ವಲ್ಪ ಸಡಿಲ ಇರಲಿ. ಆಗ ಮರಕ್ಕೆ ತಾಗಿದ ತಕ್ಷಣ ಕೊಳವೆ ನಿಲ್ಲುತ್ತೆ, ಬಿಟ್ ಮಾತ್ರ ಒಳಗೆ ತಿರುಗುತ್ತೆ. ಬಿಗಿ ಇದ್ದರೆ ಕೊಳವೆಯೂ ತಿರುಗಿ ಲ್ಯಾಕರ್ ಮೇಲೆ ಉಜ್ಜಿ ಸುಟ್ಟ ಗುರುತು ಬಿಡುತ್ತೆ. ಚಕ್ ಕಡೆಗೆ ಒಂದು ಪ್ಲಾಸ್ಟಿಕ್ ವಾಷರ್ ಹಾಕಿದರೆ ಮೇಲಿನ ತುದಿಯೂ ಸವೆಯಲ್ಲ. ವಾಷರ್ ದಪ್ಪವನ್ನ ಲೆಕ್ಕಕ್ಕೆ ಸೇರಿಸಿಕೊಳ್ಳೋದು ಮರೀಬೇಡಿ.

ಈ ಕೊಳವೆಗೆ ಇನ್ನೊಂದು ಗುಣ ಇದೆ. ಬಿಟ್ ಎಷ್ಟು ಬಾಗುತ್ತೆ ಅನ್ನೋದು ಬರೀ ಉದ್ದದ ಮೇಲಲ್ಲ, ಉದ್ದದ ಘನದ ಮೇಲೆ ನಿಂತಿದೆ. ಹೊರಗಿರೋ ಉದ್ದ ಅರ್ಧ ಆದರೆ ಬಾಗುವಿಕೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಕೊಳವೆ ಬಿಟ್‌ಗೆ ಸುತ್ತಲೂ ಆಸರೆ ಕೊಡೋದರಿಂದ ಮೊನೆ ಅಲೆದಾಡೋದೂ ಕಮ್ಮಿ, ಮುರಿಯೋದೂ ಕಮ್ಮಿ.

ಗಿಟಾರ್ ಮುಟ್ಟೋ ಮುಂಚೆ ಅದೇ ಜಾತಿಯ ಮರದ ತುಂಡಿನಲ್ಲಿ ಒಂದು ತೂತು ಕೊರೆದು ಅಳೀಬೇಕು. ವರ್ನಿಯರ್ ಕ್ಯಾಲಿಪರ್‌ನ ಆಳದ ಕಡ್ಡಿ ಒಂದೂವರೆ ಮಿಲಿಮೀಟರ್ ತೂತಿಗೆ ಇಳಿಯಲ್ಲ. ಅದಕ್ಕೆ ಬಿಟ್ಟನ್ನೇ ತಲೆಕೆಳಗು ಮಾಡಿ, ಹಿಂಬದಿಯ ನುಣುಪು ಕಡ್ಡಿಯನ್ನ ತೂತಿಗೆ ಇಳಿಸಿ. ಮರದ ಮಟ್ಟಕ್ಕೆ ಉಗುರು ಒತ್ತಿ ಹಿಡಿದು ಹೊರತೆಗೆದು, ಆ ಉದ್ದ ಅಳೀರಿ. ಕಡ್ಡಿಯ ತುದಿ ಚಪ್ಪಟೆ ಆದ್ದರಿಂದ ಕೋನ ಶುರುವಾಗೋ ಅಂಚಲ್ಲೇ ನಿಲ್ಲುತ್ತೆ, ಅಂದರೆ ಪೂರ್ತಿ ಅಗಲದ ಆಳವನ್ನೇ ತೋರಿಸುತ್ತೆ. 9.5 ಬಂದರೆ ನಮ್ಮ ಲೆಕ್ಕ ಸರಿ. ಇನ್ನು, ಕೊರೀತಾ ಕೊರೀತಾ ಬಿಟ್ ಚಕ್ ಒಳಗೆ ಮೇಲಕ್ಕೆ ಸರಿಯೋದುಂಟು. ಚಕ್ ಬಾಯಿಗೆ ಸರಿಯಾಗಿ ಬಿಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಸರಿದದ್ದು ಕಾಣುತ್ತೆ.

ಡ್ರಿಲ್ ಪ್ರೆಸ್‌ನಲ್ಲೇ ಆಳದ ತಡೆ ಇದೆಯಲ್ಲ ಅಂತ ಕೇಳಬಹುದು. ಅದು ಅಳೆಯೋದು ಮೇಜಿನಿಂದ. ಕೆಲಸದ ತುಂಡು ಒಂದೇ ದಪ್ಪ ಇದ್ದು ಮೇಜಿನ ಮೇಲೆ ಸಪಾಟಾಗಿ ಕೂತರೆ ಅದಕ್ಕಿಂತ ಚೆನ್ನಾದದ್ದು ಇಲ್ಲ. ಬಿಟ್ ಮೊನೆಯನ್ನ ಮರಕ್ಕೆ ತಾಗಿಸಿ ನಿಲ್ಲಿಸಿ, ತಡೆಯ ನಟ್ ಕೆಳಗೆ ಬೇಕಾದಷ್ಟೇ ದಪ್ಪದ ತುಂಡು ಇಟ್ಟು ನಟ್ ಬಿಗಿದು, ತುಂಡು ತೆಗೆದರೆ ಆಯ್ತು. 3 ಮಿಲಿಮೀಟರ್ ಆಳ ಬೇಕಾ, 3 ಮಿಲಿಮೀಟರ್ ಬಿಟ್‌ನ ಹಿಂಬದಿ ಕಡ್ಡಿಯನ್ನೇ ಇಡಿ. ಆದರೆ ಉಬ್ಬಿದ ಟಾಪ್ ಇರೋ ಗಿಟಾರ್‌ನಲ್ಲಿ ಪಿಕಪ್ ರಿಂಗ್‌ನ (ತಂತಿಯ ಕಂಪನ ಹಿಡಿಯೋ ಪಿಕಪ್ ಸುತ್ತಲಿನ ಚೌಕಟ್ಟು) ನಾಲ್ಕು ಮೂಲೆಗಳು ನಾಲ್ಕು ಎತ್ತರದಲ್ಲಿರ್ತವೆ. ಅಲ್ಲಿ ಪ್ರೆಸ್‌ನ ತಡೆ ನಾಲ್ಕು ಬೇರೆ ಬೇರೆ ಆಳ ಕೊಡುತ್ತೆ. ಕೊಳವೆ ಆ ತೂತಿನ ಬಾಯಿಂದಲೇ ಅಳೆಯುತ್ತೆ, ನಾಲ್ಕೂ ಒಂದೇ ಬರ್ತವೆ. ಒಳಗೆ ಟೊಳ್ಳು ಬಿಟ್ಟ ಬಾಡಿ ಆದರೆ ಟಾಪ್ ದಪ್ಪ 5, 6 ಮಿಲಿಮೀಟರ್ ಮಾತ್ರ ಇರಬಹುದು, ಹಾಗಾಗಿ ಸ್ಕ್ರೂ ಉದ್ದವನ್ನ ಮೊದಲು ನೋಡಿಕೊಳ್ಳಿ.

ಫ್ರೆಟ್‌ಬೋರ್ಡ್ (ಬೆರಳು ಒತ್ತೋ ಪಟ್ಟಿ) ಪಕ್ಕದಲ್ಲಿ ಜಾಗ ಗುರುತಿಸೋ ಚುಕ್ಕೆಗಳಿಗೆ 2 ಮಿಲಿಮೀಟರ್ ಬಿಟ್, ಆಳ 3ರಿಂದ 4. 6 ಮಿಲಿಮೀಟರ್ ದಪ್ಪ, 56 ಅಗಲದ ಬೋರ್ಡ್‌ಗೆ 12 ಇಂಚು ತ್ರಿಜ್ಯದ ದುಂಡು ಕೊಟ್ಟರೆ ಅಂಚಿನಲ್ಲಿ ಸುಮಾರು 1.3 ಕಮ್ಮಿಯಾಗಿ 4.7 ಉಳಿಯುತ್ತೆ. ಚುಕ್ಕೆಯ ಮೇಲೂ ಕೆಳಗೂ ಒಂದೂಕಾಲು ಮಿಲಿಮೀಟರ್ ಚಿಲ್ಲರೆ ಮರ. ಮೊನೆ ಜಾರಿದರೆ ಅದೂ ಇಲ್ಲ, ಅದಕ್ಕೇ ದಬ್ಬಳದಿಂದ ಒಂದು ಕುಳಿ ಒತ್ತಿಯೇ ಶುರು ಮಾಡಬೇಕು. ಆಳ 2ಕ್ಕಿಂತ ಕಮ್ಮಿ ಬಿಟ್ಟರೆ, ಆಮೇಲೆ ನೆಕ್ ಪಕ್ಕ ಉಜ್ಜುವಾಗ ಚುಕ್ಕೆ ತೆಳುವಾಗಿ ಕಿತ್ತು ಬರೋ ಸಾಧ್ಯತೆ ಇದೆ. ಮೇಲ್ಭಾಗದ 6 ಮಿಲಿಮೀಟರ್ ಮುತ್ತಿನ ಚಿಪ್ಪಿನ ಚುಕ್ಕೆಗೆ ಮಾತ್ರ ಸಾಮಾನ್ಯ ಟ್ವಿಸ್ಟ್ ಬಿಟ್ ಹಾಕಬೇಡಿ. ಆ ಅಳತೆಗೆ ಮೊನೆಯ ಕೋನವೇ 1.8 ಮಿಲಿಮೀಟರ್, ಚಿಪ್ಪಿನ ದಪ್ಪಕ್ಕಿಂತ ಜಾಸ್ತಿ. ಸಪಾಟು ತಳ ಕೊಡೋ ಬ್ರ್ಯಾಡ್ ಪಾಯಿಂಟ್ ಬೇಕು. ಅದರ ನಡುವಿನ ಮುಳ್ಳು ಎಷ್ಟು ಮುಂದೆ ಚಾಚಿದೆ ಅಂತ ಅಳೆದು, ಬೋರ್ಡ್ ದಪ್ಪದ ಜೊತೆ ಹೋಲಿಸಿ ನೋಡಿ. ಒಂದೂವರೆ ದಪ್ಪದ ಚಿಪ್ಪಿಗೆ 1.3 ಆಳ ಸಾಕು, ಮೇಲೆ ಉಳಿದದ್ದನ್ನ ಅರದಿಂದ ಮಟ್ಟ ಮಾಡಬಹುದು.

ಕೊರೆಯುವಾಗ ಒಂದೇ ಉಸಿರಿಗೆ ತಳ್ಳಬೇಡಿ. ಪ್ರತಿ 2, 3 ಮಿಲಿಮೀಟರಿಗೆ ಒಮ್ಮೆ ಬಿಟ್ ಹೊರಗೆ ಎತ್ತಿ, ಪುಡಿ ಉದುರಲಿ. ಬೀಟೆ ಮರದ ಎಣ್ಣೆ ಅಂಶ ಪುಡಿಯನ್ನ ಸುರುಳಿಯೊಳಗೆ ಗಟ್ಟಿಯಾಗಿ ಕೂರಿಸುತ್ತೆ. ಆಮೇಲೆ ಬಿಟ್ ಕೊರೆಯೋದು ಬಿಟ್ಟು ಬರೀ ಉಜ್ಜುತ್ತೆ, ಬಿಸಿಯಾಗುತ್ತೆ, ತಳದಲ್ಲಿ ಪುಡಿ ತುಂಬಿಕೊಂಡು ಆಳ ಸಿಕ್ಕಿದಂತೆ ಕಾಣುತ್ತೆ. ವೇಗ ನಿಮಿಷಕ್ಕೆ 2000ದಿಂದ 3000 ಸುತ್ತು ಇರಲಿ, ಒತ್ತಡ ಕಮ್ಮಿ ಇರಲಿ. ಸರ್ಕಿಟ್ ಬೋರ್ಡ್‌ಗೆ ಬಳಸೋ ಕಾರ್ಬೈಡ್ ಬಿಟ್‌ಗಳೂ ಇವೆ. ಚಕ್‌ಗೆ ಹೋಗೋ ಹಿಂಬದಿ ಕಡ್ಡಿ 3.175 ಮಿಲಿಮೀಟರ್, ಅದರ ಮೇಲೊಂದು ಪ್ಲಾಸ್ಟಿಕ್ ಬಳೆ. ತುಂಬಾ ಚೂಪು, ನಿಖರ ಕೂಡ. ಆದರೆ ಕಾರ್ಬೈಡ್ ಬಾಗಲ್ಲ, ಪಕ್ಕಕ್ಕೆ ಚೂರು ಒತ್ತಿದರೂ ಪಟ್ ಅಂತ ಮುರಿಯುತ್ತೆ. ಪ್ರೆಸ್‌ನಲ್ಲಿ ಮಾತ್ರ ಬಳಸಿ, ಕೈ ಡ್ರಿಲ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಉಕ್ಕಿನ) ಬಿಟ್ಟೇ ಸರಿ. ಹಲವು ದೊಡ್ಡ ಚಕ್‌ಗಳು ಒಂದೂವರೆಗಿಂತ ಸಣ್ಣ ಬಿಟ್ಟನ್ನ ಹಿಡಿಯೋದೇ ಇಲ್ಲ, ಅದಕ್ಕೆ ಕೈಯಲ್ಲಿ ತಿರುಗಿಸೋ ಪಿನ್ ವೈಸ್ ಇಟ್ಟುಕೊಳ್ಳಿ.

ತೂತಿನ ಅಗಲವೂ ಆಳದ ಜೊತೆಗಾರ. ಸ್ಕ್ರೂವಿನ ಎಳೆ ಬಿಟ್ಟು ನಡುವಿನ ತಿರುಳನ್ನ ಕ್ಯಾಲಿಪರ್‌ನಿಂದ ಅಳೀರಿ. ಮಹಾಗನಿಗೆ ಅಷ್ಟೇ ಅಥವಾ ಚೂರು ಕಮ್ಮಿ, ಮೇಪಲ್‌ಗೆ 0.1 ಜಾಸ್ತಿ. ಚಿನ್ನದ ಲೇಪ ಇರೋ ಮೆತ್ತನೆ ಸ್ಕ್ರೂ ಹಾಕೋ ಮುಂಚೆ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನ ಒಮ್ಮೆ ಇಳಿಸಿ ತೆಗೆದು ಎಳೆ ಮೂಡಿಸಿ, ಆಮೇಲೆ ಮೇಣ ಸವರಿ ಕೈ ಸ್ಕ್ರೂಡ್ರೈವರ್‌ನಿಂದಲೇ ಹಾಕಿ. ಸೋಪು ಬೇಡ, ಅದು ತೇವ ಎಳೆದು ತುಕ್ಕು ಹಿಡಿಸುತ್ತೆ. ಕೊನೆಯ 2 ಮಿಲಿಮೀಟರಿನಲ್ಲಿ ಸ್ಕ್ರೂ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಬಲ ಹಾಕಬೇಡಿ. ಹೊರತೆಗೆದು ಆಳ ಮತ್ತೆ ಅಳೀರಿ.

ಅಷ್ಟಾದರೂ ಬಿಟ್ ಅಥವಾ ಸ್ಕ್ರೂ ಒಳಗೆ ಮುರಿದರೆ ಇಕ್ಕಳ ಹಾಕಿ ಕೆದಕೋಕೆ ಹೋಗಬೇಡಿ, ಬಾಯಿ ಅಗಲ ಆಗುತ್ತೆ ಅಷ್ಟೇ. ಮುರಿದ ತುಂಡಿಗಿಂತ ಚೂರು ದೊಡ್ಡ ಒಳವ್ಯಾಸದ ಉಕ್ಕಿನ ಕೊಳವೆಯ ತುದಿಗೆ ಅರದಿಂದ ನಾಲ್ಕು ಹಲ್ಲು ಮೂಡಿಸಿ, ನಿಧಾನ ವೇಗದಲ್ಲಿ ಅದರ ಸುತ್ತ ಕೊರೀರಿ. ಈ ಕೊಳವೆಗೂ ಆಳದ ತಡೆ ಹಾಕಲೇಬೇಕು, ಕೆಳಗಿರೋದು ಅದೇ 14 ಮಿಲಿಮೀಟರ್ ಮರ. ತುಂಡು ತೆಗೆದ ಮೇಲೆ ಆ ತೂತಿಗೆ ದುಂಡು ಕಡ್ಡಿ ಅಂಟಿಸಿದರೆ ಸ್ಕ್ರೂ ಮರದ ನಾರಿನ ಉದ್ದಕ್ಕೆ ಇಳಿಯುತ್ತೆ, ಹಿಡಿತ ಕಮ್ಮಿ. ಪ್ಲಗ್ ಕಟರ್‌ನಿಂದ ಹಲಗೆಯ ಮುಖದಲ್ಲಿ ಕತ್ತರಿಸಿದ ಬಿರಡೆ ಹಾಕಿ, ನಾರಿನ ದಿಕ್ಕು ನೆಕ್‌ನ ದಿಕ್ಕಿಗೆ ಹೊಂದಿಸಿ, ಒಂದು ರಾತ್ರಿ ಒಣಗಲು ಬಿಡಿ. ಟ್ಯೂನರ್ ತಗಡು ಅದನ್ನ ಪೂರ್ತಿ ಮುಚ್ಚುತ್ತೆ.