ಪುಸ್ತಕ ಮುಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದಷ್ಟು ವರ್ಷವೂ ನನ್ನ ಕಿವಿಗೆ ಬೀಳುತ್ತಲೇ ಇದ್ದ ಒಂದು ಮಾತಿದೆ: ‘ಗೊತ್ತಿದೆ ಸರ್, ಹೇಳೋಕೆ ಬರ್ತಿಲ್ಲ.’ ಹೃದಯದ ಪಾಠ ಮುಗಿದ ಮಾರನೆಯ ದಿನ ಒಬ್ಬ ಹುಡುಗನನ್ನು ಎಬ್ಬಿಸಿ, ಬಲ ಹೃತ್ಕುಕ್ಷಿಯಿಂದ, ಅಂದರೆ ಹೃದಯದ ಬಲಗಡೆಯ ಕೆಳಕೋಣೆಯಿಂದ, ರಕ್ತ ಎಲ್ಲಿಗೆ ಹೋಗುತ್ತದಪ್ಪಾ ಎಂದು ಕೇಳಿದೆ. ಸೂರು ನೋಡಿದ, ಪಕ್ಕದವನನ್ನು ನೋಡಿದ, ಕೊನೆಗೆ ಇದೇ ಮಾತು ಹೇಳಿದ. ಸುಳ್ಳೇನೂ ಅಲ್ಲ. ಪುಸ್ತಕ ಇಸಿದುಕೊಂಡು ನೋಡಿದರೆ ಆ ಪುಟವೆಲ್ಲ ಹಳದಿ. ಹೈಲೈಟರ್ ತಾಗದ ಸಾಲನ್ನು ಹುಡುಕಬೇಕಿತ್ತು. ನಾಲ್ಕು ಸಲ ಓದಿದ್ದನಂತೆ.

ತೊಂದರೆ ಇರುವುದೇ ಆ ನಾಲ್ಕು ಸಲದಲ್ಲಿ. ದಿನಾ ಬಸ್ಸಿನಲ್ಲಿ ಒಂದು ಮುಖ ಕಾಣುತ್ತೇವೆ, ಚೆನ್ನಾಗಿ ಪರಿಚಯ. ಹೆಸರೇನು ಅಂತ ಯಾರಾದರೂ ಕೇಳಿದರೆ ಮಾತ್ರ ತಬ್ಬಿಬ್ಬು. ಓದಿದ್ದನ್ನೇ ಓದಿದಾಗ ಸಾಲುಗಳ ಮುಖಪರಿಚಯ ಆಗುತ್ತದೆ. ಪರೀಕ್ಷೆ ಕೇಳುವುದು ಹೆಸರನ್ನು.

ಇದನ್ನು ಅಳೆದು ನೋಡಿದವರೂ ಇದ್ದಾರೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಗದ್ಯ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರದೇ ಮೇಲುಗೈ: ಶೇಕಡಾ 83, ಬರೆದವರದು 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ಮೊದಲ ಐದು ನಿಮಿಷದ ಆ 83 ಇದೆಯಲ್ಲ, ನಮ್ಮನ್ನು ಮೋಸ ಮಾಡುವುದು ಅದೇ. ರಾತ್ರಿ ಪುಸ್ತಕ ಮುಚ್ಚುವಾಗ ‘ಎಲ್ಲ ಬಂತು’ ಅನ್ನಿಸುವುದು ಅದರಿಂದಲೇ.

ಹಾಗಾದರೆ ಏನು ಮಾಡಬೇಕು? ಪಾಠವನ್ನು ಒಂದು ಸಲ ಅರ್ಥವಾಗುವಂತೆ ಓದಿ. ಪುಸ್ತಕ ಮುಚ್ಚಿ, ಕೈಗೆ ಸಿಗದಷ್ಟು ದೂರ ಇಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು ಹೃದಯದ ಚಿತ್ರ ಬರೆಯಿರಿ, ನಾಲ್ಕು ಕೋಣೆ ಹೆಸರಿಸಿ, ರಕ್ತ ಹೋಗುವ ದಾರಿಗೆ ಬಾಣ ಹಾಕಿ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತದೆ, ನಿಲ್ಲಲಿ. ತಕ್ಷಣ ಪುಸ್ತಕಕ್ಕೆ ಕೈ ಹಾಕಬೇಡಿ, ಒಂದೆರಡು ನಿಮಿಷ ಒದ್ದಾಡಿ. ಆಮೇಲೆ ಪುಸ್ತಕ ತೆರೆದು, ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ.

ನನ್ನ ತರಗತಿಯ ಮಕ್ಕಳ ಹಾಳೆಗಳಲ್ಲಿ ಆ ಬಣ್ಣ ಹೆಚ್ಚಾಗಿ ಎರಡೇ ಜಾಗದಲ್ಲಿ ಬೀಳುತ್ತಿತ್ತು. ಒಂದು, ಎಡ–ಬಲ. ಪುಸ್ತಕದ ಚಿತ್ರದಲ್ಲಿ ನಮ್ಮ ಎಡಗಡೆ ಕಾಣುವುದು ಹೃದಯದ ಬಲಭಾಗ, ಎದುರು ನಿಂತವನ ಬಲಗೈ ನಮ್ಮ ಎಡಕ್ಕೆ ಬಂದ ಹಾಗೆ. ಇನ್ನೊಂದು, ಶ್ವಾಸಕೋಶಕ್ಕೆ ಹೋಗುವ ಅಪಧಮನಿ, ಅಂದರೆ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ. ಅಪಧಮನಿ ಎಂದ ಕೂಡಲೇ ಆಮ್ಲಜನಕ ತುಂಬಿದ ರಕ್ತ ಎಂದು ಕೆಂಪು ತುಂಬಿಬಿಡುತ್ತಾರೆ. ಇದೊಂದು ಹಾಗಲ್ಲ, ಇದು ಆಮ್ಲಜನಕ ಕಡಿಮೆ ಇರುವ ರಕ್ತವನ್ನೇ ಒಯ್ಯುತ್ತದೆ. ಹತ್ತು ಸಲ ಓದಿದರೂ ಕಣ್ಣಿಗೆ ಬೀಳದ ಈ ತಪ್ಪು ಒಂದೇ ಸಲ ಬರೆದಾಗ ಸಿಕ್ಕಿಬೀಳುತ್ತದೆ.

ಬರೆದದ್ದೂ ಮರೆತುಹೋಗುತ್ತದೆ, ನಿಜ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪ್ರಕಟಿಸಿದ. ಎಂಥ ತಾಳ್ಮೆ ಇರಬೇಕು ನೋಡಿ! ಮರೆವು ಮೊದಮೊದಲು ಭರದಿಂದ ಬಂದು ಆಮೇಲೆ ನಿಧಾನವಾಗುತ್ತದೆ ಎಂದು ಅವನು ಕಂಡ. ಅದಕ್ಕೇ ಎರಡನೆಯ ಹಾಳೆ ಮಾರನೆಯ ದಿನವೇ ಬೇಕು; ಮೂರನೆಯದು ಮೂರ್ನಾಲ್ಕು ದಿನ ಬಿಟ್ಟು, ಅದರ ಮುಂದಿನದು ಎರಡು ವಾರ ಬಿಟ್ಟು ಆದರೂ ನಡೆಯುತ್ತದೆ. ಸೂತ್ರ, ಇಸವಿ, ವ್ಯಾಖ್ಯೆಗಳಿಗೆ ಚೀಟಿ ಮಾಡಿಕೊಳ್ಳಿ, ಈ ಕಡೆ ಪ್ರಶ್ನೆ, ಆ ಕಡೆ ಉತ್ತರ. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರಲ್ಲಿ ಇದಕ್ಕೊಂದು ಪೆಟ್ಟಿಗೆ ಸೂಚಿಸಿದ. ಉತ್ತರ ಬಂದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಬಾರದ್ದು ಮೊದಲ ಖಾನೆಗೆ ವಾಪಸ್. ಮೊದಲ ಖಾನೆಯನ್ನು ದಿನಾ ನೋಡಬೇಕು, ಕೊನೆಯದನ್ನು ಅಪರೂಪಕ್ಕೆ. ಈಗ ಇದನ್ನೇ ಮಾಡುವ ಆ್ಯಪ್‌ಗಳಿವೆ. ಆದರೆ ಚೀಟಿ ಬರೆಯುವಾಗಲೇ ಅರ್ಧ ಕಲಿತಾಗಿರುತ್ತದೆ ಎಂದು ನನ್ನ ಅನುಭವ. ಬೇರೆಯವರು ಮಾಡಿಟ್ಟ ಚೀಟಿಗೆ ಆ ಲಾಭ ಇಲ್ಲ.

ಗಣಿತದ ಕಾಯಿಲೆ ಬೇರೆ. ‘ಅಭ್ಯಾಸದಲ್ಲಿ ಎಲ್ಲ ಬರುತ್ತೆ, ಪರೀಕ್ಷೆಯಲ್ಲಿ ಕೈಕೊಡುತ್ತೆ’ ಅನ್ನುತ್ತಾರೆ. ಯಾಕೆಂದರೆ ‘ಅಪವರ್ತನ ವಿಧಾನದಿಂದ ಬಿಡಿಸಿ’ ಎಂಬ ತಲೆಬರಹದ ಕೆಳಗಿನ ಇಪ್ಪತ್ತು ಲೆಕ್ಕದಲ್ಲಿ ದಾರಿ ಯಾವುದೆಂದು ಯೋಚಿಸುವ ಕೆಲಸವೇ ಇಲ್ಲ, ತಲೆಬರಹ ಆಗಲೇ ಹೇಳಿಬಿಟ್ಟಿದೆ. ಪ್ರಶ್ನೆಪತ್ರಿಕೆಯಲ್ಲಿ ಆ ತಲೆಬರಹ ಇರಬೇಕಲ್ಲ! 2007ರಲ್ಲಿ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟು ನೋಡಿದರು. ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದಲ್ಲಿ ಶೇಕಡಾ 89 ಸರಿ ಮಾಡಿದರು, ವಾರದ ನಂತರದ ಪರೀಕ್ಷೆಯಲ್ಲಿ 20. ಕಲಸಿ ಮಾಡಿದವರು ಅಭ್ಯಾಸದಲ್ಲಿ 60, ಪರೀಕ್ಷೆಯಲ್ಲಿ 63. ಆದ್ದರಿಂದ ಬೇರೆ ಬೇರೆ ಅಧ್ಯಾಯಗಳಿಂದ ಐದಾರು ಲೆಕ್ಕ ಆರಿಸಿ, ಹಿಂದೆ ಮುಂದೆ ಮಾಡಿ ಬಿಡಿಸಿ. ತಪ್ಪು ಜಾಸ್ತಿ ಬರುತ್ತದೆ, ಬೇಜಾರೂ ಆಗುತ್ತದೆ. ಅಲ್ಲೇ ಬಿಟ್ಟುಬಿಡಬೇಡಿ.

ಸಾಮಗ್ರಿಯ ವಿಷಯಕ್ಕೆ ನಾನು ಸ್ವಲ್ಪ ಜಿಪುಣ. ಪಠ್ಯಪುಸ್ತಕ, ಪಠ್ಯಕ್ರಮದ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆಗಳು, ಅವುಗಳ ಮಾದರಿ ಉತ್ತರ ಮತ್ತು ಅಂಕ ಹಂಚಿಕೆ, ಇಷ್ಟಿದ್ದರೆ ಸಾಕು. ಮೂರು ಗೈಡ್ ಕೊಂಡವನು ಮೂರರಲ್ಲೂ ಮೊದಲ ಅಧ್ಯಾಯವನ್ನೇ ಓದಿರುತ್ತಾನೆ. ಖಾನ್ ಅಕಾಡೆಮಿಯಂಥ ಉಚಿತ ವಿಡಿಯೊ ಪಾಠಗಳನ್ನು, ಅರ್ಥವಾಗದೆ ಸಿಕ್ಕಿಕೊಂಡ ಜಾಗಕ್ಕೆ ಮಾತ್ರ ನೋಡಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಎದುರಿಗಿಟ್ಟುಕೊಂಡು, ಪೂರ್ತಿ ಸಮಯ ಕೂತು ಬರೆಯಿರಿ. ಆಮೇಲೆ ಅಂಕ ಹಂಚಿಕೆ ಹಿಡಿದು ನೀವೇ ಮೌಲ್ಯಮಾಪಕರಾಗಿ. ನಾಲ್ಕು ಅಂಕದ ಪ್ರಶ್ನೆಗೆ ಎರಡು ಅಂಶ ಬರೆದು ಪುಟ ತುಂಬಿಸಿದ್ದು ಆಗ ತಿಳಿಯುತ್ತದೆ. ರಾತ್ರಿ ನಿದ್ದೆ ಬಿಡಬೇಡಿ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು.

ಮನೆಯವರು ಕೇಳುತ್ತಾರೆ, ‘ನಮಗೆ ಆ ಪಾಠ ಗೊತ್ತಿಲ್ಲ, ನಾವೇನು ಸಹಾಯ ಮಾಡೋದು?’ ಕೂತು ಕೇಳಿಸಿಕೊಳ್ಳಿ. ನನ್ನ ತರಗತಿಯ ಒಬ್ಬ ಹುಡುಗಿ ದಿನಾ ಅಜ್ಜಿಗೆ ಪಾಠ ಹೇಳುತ್ತಿದ್ದಳು. ಅಜ್ಜಿಗೆ ಓದು ಬರಹ ಬಾರದು. ಹೃದಯದ ಕಥೆಯನ್ನು ಪೂರ್ತಿ ಕೇಳಿ ಆಕೆ ಅಂದರಂತೆ: ‘ಅಲ್ಲ ಕಣೇ, ರಕ್ತ ಶುದ್ಧ ಆದ ಮೇಲೆ ಮತ್ತೆ ಯಾಕೆ ಹೃದಯಕ್ಕೆ ಬರಬೇಕು? ಅಲ್ಲಿಂದಲೇ ನೆಟ್ಟಗೆ ಮೈಗೆ ಹೋಗಬಾರದಾ?’

ಹುಡುಗಿ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ನನ್ನ ಮುಂದೆ ನಿಂತಿದ್ದಳು. ಮೀನಿನಲ್ಲಿ ಹಾಗೇ ಹೋಗುತ್ತದಮ್ಮ, ಕಿವಿರಿನಿಂದ ನೆಟ್ಟಗೆ ಮೈಗೆ, ಅಂದೆ. ಶ್ವಾಸಕೋಶದ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹಾದು ಬರುವಷ್ಟರಲ್ಲಿ ರಕ್ತದ ಒತ್ತಡ ಕುಗ್ಗಿರುತ್ತದೆ, ನಮ್ಮಂಥ ಬಿಸಿರಕ್ತದ ಮೈಗೆ ಅದು ಸಾಲದು, ಅದಕ್ಕೇ ಇನ್ನೊಮ್ಮೆ ಹೃದಯಕ್ಕೆ ಬಂದು ತಳ್ಳಿಸಿಕೊಂಡು ಹೋಗುತ್ತದೆ ಎಂದು ಹೇಳಿದೆ. ಆ ಪ್ರಶ್ನೆಯನ್ನು ಆಮೇಲೆ ಪ್ರತಿ ವರ್ಷವೂ ತರಗತಿಯಲ್ಲಿ ಕೇಳಿದೆ. ‘ಇದು ಅಜ್ಜಿ ಪ್ರಶ್ನೆ’ ಅಂತ ಹೇಳಿಯೇ ಕೇಳುತ್ತಿದ್ದೆ.

ನಮಸ್ಕಾರ.