ಕಿಡ್ನಿಯ ಚಿತ್ರದಲ್ಲಿ ಖಾಲಿ ಜಾಗ

ಎಲ್ಲರಿಗೂ ನಮಸ್ಕಾರ.

ಎಂಟು ತಿಂಗಳ ಮಗು. ಮೂರು ದಿನದಿಂದ ಜ್ವರ. ಕೆಮ್ಮಿಲ್ಲ, ನೆಗಡಿಯಿಲ್ಲ. ಹಾಲು ಕುಡಿಸಿದರೆ ವಾಂತಿ. ಅಜ್ಜಿ 'ಹಲ್ಲು ಬರ್ತಿದೆ' ಅನ್ನುತ್ತಾರೆ. ಪಕ್ಕದ ಮನೆಯವರು 'ದೃಷ್ಟಿ ತೆಗೀರಿ' ಅನ್ನುತ್ತಾರೆ. ಮೂತ್ರದ ಕಡೆ ಯಾರ ಗಮನವೂ ಹೋಗುವುದಿಲ್ಲ. ದೊಡ್ಡವರಾದರೆ ಉರಿ ಅಂತಲೋ ಬೆನ್ನು ನೋವು ಅಂತಲೋ ಹೇಳುತ್ತಾರೆ. ಮಗು ಏನು ಹೇಳೀತು? ಅಳುತ್ತದೆ, ಅಷ್ಟೇ.

ಮಕ್ಕಳ ಮೂತ್ರದ ಸೋಂಕು ಕಿಡ್ನಿಗೆ ತಗುಲಿದೆಯೇ ಅಂತ ನೋಡುವ ಸ್ಕ್ಯಾನ್‌ಗಳ ಬಗ್ಗೆ ನಾನು ಮಾತಾಡಲು ಬಂದಿದ್ದೇನೆ. ಆದರೂ ಮೊದಲು ಮೂತ್ರದ ಡಬ್ಬಿಯ ಮಾತು. ಸೋಂಕು ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದು ಮೂತ್ರದ ಪರೀಕ್ಷೆಯಿಂದ ಮತ್ತು ಕಲ್ಚರ್‌ನಿಂದ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದರಿಂದ. ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಸ್ಯಾಂಪಲ್ ತೆಗೆಯಬೇಕು. ಮೈಗೆ ಅಂಟಿಸುವ ಚೀಲದಲ್ಲಿ ಹಿಡಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೂ ಸೇರಿಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಸಣ್ಣ ನಳಿಕೆ ಹಾಕಿ ತೆಗೆಯುತ್ತೇವೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ಅಲ್ಟ್ರಾಸೌಂಡ್. ಸೂಜಿಯಿಲ್ಲ, ವಿಕಿರಣವಿಲ್ಲ. ಕಿಡ್ನಿ ಊದಿದೆಯೇ, ಮೂತ್ರ ಹರಿಯುವ ದಾರಿ ಕಟ್ಟಿಕೊಂಡಿದೆಯೇ, ಕೀವು ತುಂಬಿದೆಯೇ ಅಂತ ಚೆನ್ನಾಗಿ ತೋರಿಸುತ್ತದೆ. ಸೋಂಕನ್ನೇ ಹಿಡಿಯುವುದರಲ್ಲಿ ಮಾತ್ರ ಅಷ್ಟು ಚುರುಕಲ್ಲ. ಕಿಡ್ನಿಗೆ ಸೋಂಕು ತಗುಲಿದ ಎಷ್ಟೋ ಮಕ್ಕಳ ವರದಿ 'ನಾರ್ಮಲ್' ಅಂತಲೇ ಬರುತ್ತದೆ. 'ನಾರ್ಮಲ್ ಬಂತಲ್ವಾ, ಔಷಧಿ ನಿಲ್ಲಿಸಲಾ?' ಅಂತ ಕೇಳುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ.

ಇನ್ನು ಡಿಎಂಎಸ್‌ಎ ಸ್ಕ್ಯಾನ್. ಇದರ ಲೆಕ್ಕ ಉಲ್ಟಾ. ಇಲ್ಲಿ ಸೋಂಕು ಎದ್ದು ಕಾಣುವುದಿಲ್ಲ, ಚೆನ್ನಾಗಿರುವ ಕಿಡ್ನಿ ಎದ್ದು ಕಾಣುತ್ತದೆ. ಡಿಎಂಎಸ್‌ಎ ಅನ್ನುವ ಔಷಧಿಗೆ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಜೋಡಿಸಿ ರಕ್ತನಾಳಕ್ಕೆ ಕೊಡುತ್ತೇವೆ. ಕಿಡ್ನಿಯ ಹೊರಪದರದ ಜೀವಕೋಶಗಳು ಅದನ್ನು ಹೀರಿ ಇಟ್ಟುಕೊಳ್ಳುತ್ತವೆ. ಎರಡು ಮೂರು ಗಂಟೆ ಬಿಟ್ಟು, ಆ ವಿಕಿರಣವನ್ನು ಹಿಡಿದು ಚಿತ್ರ ಮಾಡುವ ಗಾಮಾ ಕ್ಯಾಮೆರಾ ಕೆಳಗೆ ಮಲಗಿಸಿದರೆ ಅವರೆಕಾಳಿನ ಆಕಾರದ ಎರಡು ಕಿಡ್ನಿ ಮೂಡುತ್ತವೆ. ಸೋಂಕು ಇರುವ ಕಡೆ ಊತದಿಂದ ರಕ್ತ ಕಡಿಮೆ ಹೋಗುತ್ತದೆ, ಜೀವಕೋಶಗಳೂ ಸೋತಿರುತ್ತವೆ. ಅಲ್ಲಿ ಔಷಧಿ ಸೇರುವುದಿಲ್ಲ. ಚಿತ್ರದಲ್ಲಿ ಯಾರೋ ಕಚ್ಚಿ ತಿಂದ ಹಾಗೆ ಒಂದು ಖಾಲಿ ಜಾಗ. ನಾವು ಹುಡುಕುವುದು ಅದನ್ನೇ.

ವಿಕಿರಣ ಅಂದ ಕೂಡಲೇ ತಾಯಂದಿರ ಮುಖ ಬಾಡುತ್ತದೆ. ನ್ಯಾಯವೇ. ಆದರೆ ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ, ಅಂದರೆ ಆರು ಗಂಟೆಗೊಮ್ಮೆ ಇದ್ದದ್ದು ಅರ್ಧವಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಹದಿನಾರನೇ ಒಂದು ಭಾಗವೂ ಮೈಯಲ್ಲಿ ಉಳಿದಿರುವುದಿಲ್ಲ. ಮಗುವಿಗೆ ತಗಲುವ ವಿಕಿರಣ, ಅದರ ಅಳತೆಯಲ್ಲಿ, ಸುಮಾರು 1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಬರುತ್ತಲೇ ಇರುತ್ತದೆ. ಇಷ್ಟು ಬೇಗ ಕರಗುವ ವಸ್ತುವನ್ನು ಕೂಡಿಡಲು ಆಗುವುದಿಲ್ಲ. ಸೀಸದ ಕವಚದೊಳಗೆ ಮಾಲಿಬ್ಡಿನಂ ಇರುತ್ತದೆ, ಅದರಿಂದ ಹುಟ್ಟುವ ಟೆಕ್ನೀಷಿಯಂ ಅನ್ನು ಉಪ್ಪುನೀರು ಹಾಯಿಸಿ ಇಳಿಸಿಕೊಳ್ಳುತ್ತಾರೆ. ನಮ್ಮ ವಿಭಾಗದ ಭಾಷೆಯಲ್ಲಿ ಆ ಡಬ್ಬಿ 'ಹಸು', ಈ ಕೆಲಸ 'ಹಾಲು ಕರೆಯೋದು'!

ಮೂತ್ರಕೋಶಕ್ಕೆ ನಳಿಕೆಯಿಂದ ಎಕ್ಸ್‌ರೇಯಲ್ಲಿ ಕಾಣುವಂಥ ದ್ರವ ತುಂಬಿ, ಮೂತ್ರ ಕಿಡ್ನಿಯತ್ತ ವಾಪಸ್ ಹೋಗುತ್ತದೆಯೇ ಅಂತ ನೋಡುವ ಎಕ್ಸ್‌ರೇ ಒಂದಿದೆ, ಎಂಸಿಯು. ಮಗುವಿಗೆ ಹಿಂಸೆಯ ಪರೀಕ್ಷೆ. ಹಿಂದೆ ಬಹಳ ಮಕ್ಕಳಿಗೆ ಮಾಡುತ್ತಿದ್ದರು. ಮೊದಲ ಸಲದ ಸೋಂಕಿಗೇ ಎಲ್ಲರಿಗೂ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಹೇಳಿತು. ನನಗೂ ಅದು ಸರಿ ಅನ್ನಿಸುತ್ತದೆ.

ಜಾಸ್ತಿ ಗೊಂದಲ ಆಗುವುದು ಯಾವಾಗ ಡಿಎಂಎಸ್‌ಎ ಸ್ಕ್ಯಾನ್ ಮಾಡಿಸಬೇಕು ಅನ್ನುವುದರಲ್ಲಿ. ಜ್ವರದ ವಾರದಲ್ಲಿ ಕಂಡ ಖಾಲಿ ಜಾಗ ಹಸಿ ಸೋಂಕಿನದ್ದಿರಬಹುದು, ಹಳೆಯ ಸೋಂಕು ಬಿಟ್ಟುಹೋದ ಕಲೆಯದ್ದೂ ಇರಬಹುದು. ಹಸಿಯದ್ದಾದರೆ ಎಷ್ಟೋ ಸಲ ತಾನಾಗಿಯೇ ತುಂಬಿಕೊಳ್ಳುತ್ತದೆ. ಹಾಗಾಗಿ ಕಲೆ ಉಳಿದಿದೆಯೇ ಅಂತ ನೋಡಲು ನಾಲ್ಕರಿಂದ ಆರು ತಿಂಗಳು ಕಾಯುತ್ತೇವೆ. ಒಂದೇ ತಿಂಗಳಿಗೆ ಅವಸರಪಟ್ಟು ಸ್ಕ್ಯಾನ್ ಮಾಡಿಸಿ ಸುಮ್ನೆ ಹೆದರಿದವರನ್ನು ನೋಡಿದ್ದೇನೆ.

ಸ್ಕ್ಯಾನ್ ದಿನ ಮಗುವಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಕರೆತನ್ನಿ. ನಿದ್ದೆ ಹತ್ತಿದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಹಳೆಯ ಚಿತ್ರವನ್ನೂ ತನ್ನಿ, ಬರೀ ವರದಿಯಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.