ನಂದಿ ತಪ್ಪಲಲ್ಲಿ ಎರಡು ದಿನ, ಮೌಂಟೇನ್ ಬೈಕ್ ಜೊತೆ

[ದೃಶ್ಯ: ಕೆಂಪು ಮಣ್ಣಿನ ದಾರಿ, ಹಿಂದೆ ನಂದಿ ಬೆಟ್ಟ]

ನಮಸ್ಕಾರ. ನಂದಿ ಬೆಟ್ಟ ಅಂದ ತಕ್ಷಣ ಏನು ಮಾಡುತ್ತೇವೆ? ನಸುಕಲ್ಲೇ ಎದ್ದು ಕಾರಲ್ಲಿ ಮೇಲೆ ಹೋಗಿ, ಸೂರ್ಯೋದಯ ನೋಡಿ, ತಿಂಡಿ ಹೊತ್ತಿಗೆ ಇಳಿದುಬಿಡುತ್ತೇವೆ. ಬೆಟ್ಟದ ಅರ್ಧ ಸೊಗಸು ಕೆಳಗೇ ಉಳಿದುಹೋಗುತ್ತದೆ. ಈ ಸಲ ಮೌಂಟೇನ್ ಬೈಕ್, ಅಂದರೆ ಮಣ್ಣು-ಕಲ್ಲಿನ ದಾರಿಗೆ ಮಾಡಿದ ಸೈಕಲ್, ತಗೊಂಡು ಶನಿವಾರ ಪೂರ್ತಿ ತಪ್ಪಲಿಗೆ ಕೊಡಿ, ಭಾನುವಾರ ಬೆಟ್ಟ ಹತ್ತಿ.

[ದೃಶ್ಯ: ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ]

ಶನಿವಾರದ ಸವಾರಿ ನಂದಿ ಗ್ರಾಮದಿಂದ ಶುರು. ಮೊದಲು ಭೋಗನಂದೀಶ್ವರ ದೇವಸ್ಥಾನ. ಸಾವಿರ ವರ್ಷಕ್ಕೂ ಹಳೆಯದು. ನೊಳಂಬರು, ಚೋಳರು, ವಿಜಯನಗರದವರು, ಒಬ್ಬರಾದ ಮೇಲೆ ಒಬ್ಬರು ಕಟ್ಟುತ್ತಾ ಬಂದಿದ್ದಾರೆ. ಒಳಗೆ ಅರುಣಾಚಲೇಶ್ವರ ಅಂದರೆ ಶಿವನ ಬಾಲ್ಯ, ಭೋಗನಂದೀಶ್ವರ ಅಂದರೆ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಅಂದರೆ ಎಲ್ಲ ಬಿಟ್ಟ ವೈರಾಗ್ಯ, ಅಂತ ಇಲ್ಲಿನ ನಂಬಿಕೆ. ಹಾಗಾಗಿ ಕೆಳಗೆ ನೋಡಿದ ಮೇಲೇ ಮೇಲಕ್ಕೆ ಹೋಗಬೇಕು, ಅಲ್ವಾ? ಶೃಂಗಿ ತೀರ್ಥ ಅನ್ನೋ ಕಲ್ಯಾಣಿಯ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ಕೂರಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಲ್ಲುಕಂಬದ ಮಂಟಪ, ತಲೆ ಎತ್ತಿದರೆ ಎದುರಿಗೇ ಬೆಟ್ಟ.

ಅಲ್ಲಿಂದ ಊರೂರ ನಡುವಿನ ದಾರಿ ಹಿಡಿದು ಮುದ್ದೇನಹಳ್ಳಿಗೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಊರು. ಅವರ ಮನೆ ಈಗ ಮ್ಯೂಸಿಯಂ, ಸಮಾಧಿಯೂ ಅಲ್ಲೇ ಇದೆ.

[ದೃಶ್ಯ: ಟೈರಿನ ಹತ್ತಿರದ ಶಾಟ್, ಮಣ್ಣಿನ ಮೇಲಿನ ಹರಳು]

ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಹಿಪ್ಪುನೇರಳೆ, ಹೂವಿನ ಹೊಲ. ತೋಟದ ಒಳದಾರಿ ಬೇಕಿದ್ದರೆ "ಹೋಗಬಹುದಾ ಅಣ್ಣ?" ಅಂತ ಒಂದು ಮಾತು ಕೇಳಿ. ಯಾರದೋ ಬೆಳೆ, ಯಾರದೋ ಬದು. ಕಾಡಿನ ಗಡಿ ಬಂದರೆ ಅಲ್ಲಿಗೇ ನಿಲ್ಲಿ, ಅನುಮತಿ ಇಲ್ಲದೆ ಸೈಕಲ್ ನುಗ್ಗಿಸಬೇಡಿ.

ಈಗ ಈ ಮಣ್ಣು ನೋಡಿ. ಅಡಿಯಲ್ಲಿ ಗಟ್ಟಿ ನೆಲ, ಮೇಲೆ ಬಂಡೆ ಸವೆದು ಉದುರಿದ ಸಣ್ಣ ಹರಳು. ಕಣದ ಮೇಲೆ ರಾಗಿ ಚೆಲ್ಲಿದ ಹಾಗೆ ಚಕ್ರ ಜಾರುತ್ತದೆ. ಅದಕ್ಕೇ ಅಗಲ ಟೈರು ಬೇಕು, ಗಾಳಿಯೂ ಕಮ್ಮಿ ಇರಬೇಕು. ಎರಡು ಇಂಚಿಗಿಂತ ಜಾಸ್ತಿ ಅಗಲದ ಟೈರಿಗೆ ಗಾಳಿಯ ಒತ್ತಡ 25ರಿಂದ 30 ಪಿಎಸ್‌ಐ ಅಂತ ಶುರು ಮಾಡಿ, ನಿಮ್ಮ ತೂಕ ನೋಡಿ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಗಾಳಿ ಕಮ್ಮಿ ಇದ್ದರೆ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಡಿತ ಸಿಗುತ್ತದೆ. ಇನ್ನೊಂದು ವಿಷಯ, ಜಾಲಿ ಮುಳ್ಳು. ಒಂದು ಟ್ಯೂಬು, ಪಂಕ್ಚರ್ ಕಿಟ್, ಸಣ್ಣ ಪಂಪು ಬ್ಯಾಗಲ್ಲಿ ಇರಲೇಬೇಕು.

[ದೃಶ್ಯ: ಘಾಟಿ ರಸ್ತೆ, ಬೆಳಗಿನ ಮಂಜು]

ಭಾನುವಾರ ಬೆಟ್ಟ. ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ತಪ್ಪಲಿಂದ ಸುಮಾರು 8 ಕಿಲೋಮೀಟರ್ ಡಾಂಬರು ರಸ್ತೆ, ಹೆಚ್ಚುಕಮ್ಮಿ 500 ಮೀಟರ್ ಏರು. ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಹಾಕಿ, ಮುಂದಿನ ಸಸ್ಪೆನ್ಷನ್, ಅಂದರೆ ಕುಲುಕು ತಡೆಯೋ ಫೋರ್ಕ್, ಲಾಕ್ ಮಾಡಿ. ಇಲ್ಲದಿದ್ದರೆ ನೀವು ತುಳಿದ ಶಕ್ತಿಯಲ್ಲಿ ಸ್ವಲ್ಪ ಅದರ ಕುಲುಕಾಟಕ್ಕೇ ಹೋಗುತ್ತದೆ. ಹಗುರ ಗೇರ್ ಹಾಕಿ, ಕೂತೇ ತುಳಿಯಿರಿ. ಪಕ್ಕದವರ ಜೊತೆ ಮಾತಾಡೋಕೆ ಆಗುತ್ತಿದ್ದರೆ ವೇಗ ಸರಿಯಾಗಿದೆ ಅಂತ ಅರ್ಥ.

ಮೇಲೆ ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆಯ ಅಂಚು, ಯೋಗನಂದೀಶ್ವರ ಗುಡಿ, 1791ರಲ್ಲಿ ಬ್ರಿಟಿಷರು ಟಿಪ್ಪುವಿನ ಸೈನ್ಯದಿಂದ ವಶಪಡಿಸಿಕೊಂಡ ಕೋಟೆ. ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ 1986ರ ಸಭೆಗೆ ಬಂದ ನಾಯಕರು ಸೇರಿದ್ದೂ ಈ ಬೆಟ್ಟದಲ್ಲೇ.

[ದೃಶ್ಯ: ಬ್ರೇಕ್ ಲಿವರ್ ಮೇಲೆ ಬೆರಳು, ಇಳಿಜಾರಿನ ತಿರುವು]

ಇಳಿಯೋ ಭಾಗ ಗಮನ ಇಟ್ಟು ನೋಡಿ, ಹೆಚ್ಚಿನ ಅಪಾಯ ಇಲ್ಲೇ ಇರೋದು. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಡಿಸ್ಕ್ ಕಾಯುತ್ತದೆ, ಕಾದ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಹೊರಗಿನ ಪೆಡಲ್ ಕೆಳಗಿರಲಿ, ಕಣ್ಣು ತಿರುವಿನ ಕೊನೆ ಮೇಲಿರಲಿ. ಎದುರಿಂದ ಬೈಕು, ಕಾರು ಬರುತ್ತಲೇ ಇರುತ್ತವೆ, ನಿಮ್ಮ ಎಡಬದಿ ಬಿಡಬೇಡಿ. ರಸ್ತೆ ಒದ್ದೆ ಇದ್ದರೆ ಬಿಳಿ ಪಟ್ಟಿ ಮೇಲೆ ಬ್ರೇಕ್ ಬೇಡ. ಹೆಲ್ಮೆಟ್ ಬಗ್ಗೆ ಹೇಳಬೇಕಾ?

ಪಕ್ಕದ ಸ್ಕಂದಗಿರಿ ನಡೆದು ಹತ್ತೋ ಬೆಟ್ಟ. ಅದಕ್ಕೆ ಮೊದಲೇ ಆನ್‌ಲೈನಲ್ಲಿ ಟಿಕೆಟ್ ಮಾಡಿಸಬೇಕು, ಸೈಕಲ್ ಕೆಳಗೇ ಬಿಡಬೇಕು. ಇದೇ ವಾರಾಂತ್ಯಕ್ಕೆ ಅದನ್ನೂ ತುರುಕಬೇಡಿ, ಇನ್ನೊಮ್ಮೆ ಬರಬಹುದು.

ಮುಂದಿನ ವಿಡಿಯೋ ಕೋಲಾರದ ಅಂತರಗಂಗೆ ಬೆಟ್ಟದ್ದು ಮಾಡೋಣವೋ, ತುಮಕೂರಿನ ದೇವರಾಯನದುರ್ಗದ್ದು ಮಾಡೋಣವೋ? ಕೆಳಗೆ ಬರೆದು ತಿಳಿಸಿ.